ಸುಳ್ಳಿಲ್ಲದೆ ಕೂತ ದಿನ

ಆ ದಿನವೂ ನಾಲ್ಕೂವರೆಗೇ ಎದ್ದೆ. ಯಶವಂತಪುರದ ನಮ್ಮ ಬೀದಿಯಲ್ಲಿ ಅಷ್ಟು ಬೇಗ ಏಳುತ್ತಿದ್ದವರು ಇಬ್ಬರೇ: ನಾನು, ಮತ್ತು ಬಾವಿಯ ಆಚೆಗಿದ್ದ ಮನೆಯ ಹಾಲಿನವಳು. ಸ್ಟೇಷನ್ ಕಡೆಯಿಂದ ಗೂಡ್ಸ್ ಗಾಡಿಯ ಡಬ್ಬಿಗಳು ಒಂದಕ್ಕೊಂದು ತಾಗುವ ಸದ್ದು ಬರುತ್ತಿತ್ತು. ಹನ್ನೆರಡು ಕೊಡ ನೀರು ಸೇದಿ, ಹಂಡೆಯ ಕೆಳಗೆ ಉರಿ ಹಾಕಿ, ಬಾಗಿಲು ಸಾರಿಸಿ ರಂಗೋಲಿ ಬಿಟ್ಟು, ಸ್ನಾನ ಮಾಡಿ, ಮೇಲೆ ಗಳುವಿಗೆ ಹರವಿದ್ದ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟುಕೊಂಡು ಅಡುಗೆಮನೆ ಹೊಕ್ಕರೆ ಐದೂವರೆ. ಮೈದುನನ ಕಾರ್ಖಾನೆಯ ಸೈರನ್ ಕೂಗುವುದರೊಳಗೆ ಅವನ ಕ್ಯಾರಿಯರ್ ತುಂಬಬೇಕು. ಮಕ್ಕಳಿಬ್ಬರದು ಎಂಟಕ್ಕೆ, ಯಜಮಾನರದು ಒಂಬತ್ತಕ್ಕೆ.

ನಮ್ಮದು ಮಡಿಯ ಮನೆ. ಸ್ನಾನ ಮಾಡಿ, ಯಾರೂ ಮುಟ್ಟದ ಬಟ್ಟೆ ಉಟ್ಟವರು ಮಾತ್ರ ಒಲೆ ಮುಟ್ಟಬಹುದು. ಅತ್ತೆಗೆ ಮಂಡಿನೋವು ಬಂದ ಮೇಲೆ ಆ ಕೆಲಸ ಪೂರ್ತಿ ನನ್ನ ಪಾಲಿಗೆ ಬಂತು.

ಆ ಬೆಳಿಗ್ಗೆ ಕೋಲಿನಿಂದ ಸೀರೆಯನ್ನು ಅರ್ಧ ಎಳೆದವಳು ಹಾಗೇ ನಿಂತುಬಿಟ್ಟೆ. ನನ್ನ ಸ್ನಾನ ಆಯಿತೋ ಇಲ್ಲವೋ ಗೊತ್ತಾಗಲಿಲ್ಲ. ಕೂದಲು ಮುಟ್ಟಿ ನೋಡಿಕೊಂಡೆ, ಒದ್ದೆಯಾಗಿತ್ತು. ಆದರೆ ನೀರು ಸೇದುವಾಗಲೂ ಒದ್ದೆಯಾಗುತ್ತದಲ್ಲ. ಬಚ್ಚಲಿಗೆ ಹೋಗಿ ನೋಡಿದೆ, ನೆಲ ಒದ್ದೆ. ಅದು ಯಾವಾಗಲೂ ಒದ್ದೆಯೇ. ಕೊನೆಗೆ ಇನ್ನೊಂದು ಸಲ ನೀರು ಹುಯ್ದುಕೊಂಡೆ. ಹುಯ್ದುಕೊಳ್ಳುವಾಗ ಸೋಪಿನ ಬಿಲ್ಲೆ ಕಣ್ಣಿಗೆ ಬಿತ್ತು. ಮೇಲೆ ನೊರೆ ಇನ್ನೂ ಆರಿರಲಿಲ್ಲ.

ಇದು ಒಂದೇ ದಿನದಲ್ಲಿ ಬಂದದ್ದಲ್ಲ. ಅಂಗಡಿಯಿಂದ ಬೇಳೆ, ಬೆಲ್ಲ ಕಟ್ಟಿಸಿಕೊಂಡು ಬಂದ ಪೊಟ್ಟಣದ ಕಾಗದವನ್ನು ಬಿಡಿಸಿ, ನೀವಿ, ಓದಿ, ಆಮೇಲೆ ಒಲೆಗೆ ಹಾಕುವುದು ನನ್ನ ಅಭ್ಯಾಸ. ಕಾನ್ವೆಂಟಿನಲ್ಲಿ ಓದಿದ ಹುಡುಗಿಗೆ ಆ ಮನೆಯಲ್ಲಿ ಸಿಗುತ್ತಿದ್ದ ಓದು ಅದೊಂದೇ. ಯಾರದೋ ಮಗುವಿನ ಭೂಗೋಳದ ಉತ್ತರ, ಅರ್ಧ ಹರಿದ ಧಾರಾವಾಹಿ, ಹಳೆಯ ಕೋರ್ಟಿನ ನೋಟೀಸು, ಯಾವುದನ್ನೂ ಬಿಡುತ್ತಿರಲಿಲ್ಲ. ಒಂದು ದಿನ ನೋಡಿಕೊಂಡರೆ, ಎಷ್ಟೋ ವಾರಗಳಿಂದ ಪೊಟ್ಟಣಗಳನ್ನು ಓದದೆ ಹಾಗೇ ಒಲೆಗೆ ತುರುಕುತ್ತಿದ್ದೆ. ಕಾಕಡಾ ಮಲ್ಲಿಗೆ ತರಿಸಿಕೊಳ್ಳುತ್ತಿದ್ದೆ, ಕಟ್ಟುತ್ತಿರಲಿಲ್ಲ. ಬಾಳೆ ಎಲೆಯಲ್ಲೇ ಕಪ್ಪಾಗುತ್ತಿತ್ತು. ಬಾವಿಯ ರಾಟೆ ಕಿರ್ ಎನ್ನುವುದು ನನ್ನ ಹಲ್ಲಿನೊಳಗೇ ಆಗುತ್ತಿದೆ ಎನಿಸುತ್ತಿತ್ತು. ಮಗಳು ಏನೋ ಹೇಳಿ ನಕ್ಕರೆ ನಾನೂ ನಗುತ್ತಿದ್ದೆ. ಅವಳು ಹೇಳಿದ್ದೇನು ಎಂದು ಕೇಳಿಸಿಕೊಂಡಿರುತ್ತಿರಲಿಲ್ಲ. ಒಮ್ಮೆ ಅವಳೇ ಹೇಳಿದಳು, "ಅಮ್ಮ, ನಾನು ಬಿದ್ದೆ ಅಂದೆ, ನೀನು ನಗ್ತಿದೀಯ."

ಜ್ವರವಿಲ್ಲ, ಕೆಮ್ಮಿಲ್ಲ. ತೋರಿಸಲು ಏನೂ ಇಲ್ಲ. ಆದರೆ ನನಗೆ ಭಯವಿತ್ತು, ಕಾರಣವೂ ಇತ್ತು. ಯಲಹಂಕದಲ್ಲಿದ್ದ ನನ್ನ ಚಿಕ್ಕಮ್ಮ ಒಂದು ದಿನ ಬಾವಿಕಟ್ಟೆಯ ಮೇಲೆ ಕೂತವರು ಏಳಲೇ ಇಲ್ಲ. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಗಾಳಿ ಸೋಕಿದೆ ಎಂದರು, ತಾಯಿತ ಕಟ್ಟಿಸಿದರು, ಬೇವಿನ ಸೊಪ್ಪಿನಲ್ಲಿ ಹೊಡೆಸಿದರು. ಅವರು ಮತ್ತೆ ಮೊದಲಿನಂತೆ ಆಗಲಿಲ್ಲ. ಅದಕ್ಕೆ ಮೊದಲು ಒಂದು ವರ್ಷದಿಂದ ಅವರು ಜಡೆ ಹೆಣೆದುಕೊಳ್ಳದೆ ಬರೀ ಗಂಟು ಸುತ್ತಿಕೊಳ್ಳುತ್ತಿದ್ದುದನ್ನು ನಾನು ಕಂಡಿದ್ದೆ. ಹದಿನಾಲ್ಕರ ಹುಡುಗಿ, ಕಂಡದ್ದನ್ನು ಯಾರಿಗೆ ಹೇಳಲಿ? ಅವತ್ತು ಎರಡನೆಯ ಸಲ ನೀರು ಹುಯ್ದುಕೊಂಡು ಎದ್ದಾಗ ನನ್ನ ಕೈ ತಾನಾಗಿ ಕೂದಲನ್ನು ಗಂಟು ಸುತ್ತಿತು. ಜಡೆ ಹಾಕಿ ಎಷ್ಟು ದಿನವಾಯಿತು ಎಂದು ನೆನಪಿಸಿಕೊಂಡೆ. ನೆನಪಾಗಲಿಲ್ಲ.

ಮೈದುನನ ಕ್ಯಾರಿಯರ್ ಹೋಯಿತು. ಹಾಲಿನವಳು ಹಿತ್ತಿಲ ಬಾಗಿಲಲ್ಲಿ ಹಾಲು ಅಳೆದು ಹೋದಳು. ಅನ್ನವಾಗಿತ್ತು, ಹುಳಿ ಕುದಿಯುತ್ತಿತ್ತು. ಹಾಲನ್ನು ಪಕ್ಕದ ಒಲೆಗಿಟ್ಟು ಎದುರಿಗೇ ನಿಂತೆ. ಹಾಲು ಮೇಲೆ ಬಂತು. ಕೆನೆ ಉಬ್ಬಿ, ಪಾತ್ರೆಯ ಅಂಚಿಗೆ ಬಂದು, ಒಂದು ಕಡೆಯಿಂದ ಜಾರಿ ಕೆಂಡದ ಮೇಲೆ ಬೀಳುವವರೆಗೂ ನೋಡಿದೆ. ಮರೆತಿದ್ದರೆ ಬೇರೆ ಮಾತು. ನಾನು ಮರೆತಿರಲಿಲ್ಲ. ನೋಡುತ್ತಿದ್ದೆ, ಕೈ ಚಾಚಬೇಕು ಎನಿಸಲಿಲ್ಲ.

"ಹಾಲು ಕಣೆ, ಹಾಲು ಉಕ್ತಾ ಇದೆ" ಎಂದು ದೇವರ ಮೂಲೆಯಿಂದ ಅತ್ತೆ ಕೂಗಿದರು. ಸುಟ್ಟ ಹಾಲಿನ ವಾಸನೆ ಮನೆಯೆಲ್ಲ ತುಂಬಿತು. ಅವರು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು, "ಕಣ್ಮುಂದೇನೇ ಇದ್ಯಲ್ಲೇ, ಏನಾಯ್ತು ನಿಂಗೆ?" ಎಂದರು.

ಆಗ ನನ್ನ ಬಾಯಿಂದ ಬಂದದ್ದು ಇದು: "ನಾನು ಹೊರಗಾದೆ ಅತ್ತೆ."

ತಿಂಗಳಿಗೆ ಮೂರು ದಿನ ಹೆಂಗಸರು ಹೊರಗೆ ಕೂರುವ ಪದ್ಧತಿ ನಮ್ಮ ಮನೆಯಲ್ಲಿ ಕಟ್ಟುನಿಟ್ಟಾಗಿತ್ತು. ಜಗಲಿಯ ಪಕ್ಕದ ಸಣ್ಣ ಕೋಣೆ, ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಯಾರನ್ನೂ ಮುಟ್ಟುವಂತಿಲ್ಲ, ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಹುಡುಗಿಯಾಗಿದ್ದಾಗ ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಮದುವೆಯಾದ ಮೇಲೆ, ಹೇಳಲು ನಾಚಿಕೆ, ಆ ಮೂರು ದಿನಕ್ಕಾಗಿ ಕಾಯತೊಡಗಿದ್ದೆ. ಆ ದಿನಗಳಲ್ಲಿ ಯಜಮಾನರು ನೀರು ಸೇದುತ್ತಿದ್ದರು, ಅತ್ತೆ ಮಣೆ ಹಾಕಿಕೊಂಡು ಕೂತೇ ಅಡುಗೆ ಮಾಡುತ್ತಿದ್ದರು, ಎಲ್ಲರೂ ಹೊಟ್ಟೆ ತುಂಬ ಉಣ್ಣುತ್ತಿದ್ದರು.

ಅತ್ತೆ ಒಂದು ಹೆಜ್ಜೆ ಹಿಂದೆ ಸರಿದರು. ಅವರ ಕಣ್ಣು ಅನ್ನದ ತಪ್ಪಲೆಯ ಮೇಲೆ ಹೋಯಿತು, ಹುಳಿಯ ಮೇಲೆ ಹೋಯಿತು, ಅಟ್ಟಣೆಯ ಮೇಲಿದ್ದ ಉಪ್ಪಿನಕಾಯಿ ಜಾಡಿಗಳ ಮೇಲೆ ನಿಂತಿತು. "ಎಲ್ಲಾ ಮುಟ್ಟಿದೀಯಾ?" ಎಂದರು. ಉತ್ತರಕ್ಕೆ ಕಾಯಲಿಲ್ಲ. ನಾನು ಮುಟ್ಟಿದ ಅಡುಗೆಯನ್ನು ಯಾರೂ ಉಣ್ಣುವಂತಿಲ್ಲ, ಕಲಗಚ್ಚಿಗೆ ಸುರಿಯಬೇಕು. "ಹೇಗೂ ಇನ್ನೊಂದು ಸ್ನಾನ ಆಗ್ಲೇಬೇಕು" ಎಂದು ಗೊಣಗುತ್ತಾ, ಒಂದು ಕೈಯನ್ನು ಮಂಡಿಗೆ ಊರಿ, ಹುಳಿಯ ಪಾತ್ರೆ ಇಳಿಸಲು ಬಗ್ಗಿದರು. ಬಗ್ಗುವಾಗ ಅವರು ಕೆಳದುಟಿ ಕಚ್ಚಿಕೊಂಡದ್ದು ಕಾಣಿಸಿತು.

"ಬೇಡ ಅತ್ತೆ, ಬಿಡಿ. ಸುಳ್ಳು ಹೇಳ್ದೆ. ನಾನು ಹೊರಗಾಗಿಲ್ಲ."

ಅವರು ಬಗ್ಗಿದಲ್ಲೇ ತಲೆ ಎತ್ತಿದರು. "ನಂಗೂ ಹಾಗೇ ಅನ್ನಿಸ್ತು. ನೀನು ಹೊರಗೆ ಕೂತು ಹನ್ನೆರಡು ದಿನ ಆಯ್ತಷ್ಟೆ, ಮುಂದಿನ ಶ್ರಾದ್ಧಕ್ಕೆ ಅಡ್ಡ ಬರತ್ತೇನೋ ಅಂತ ಎಣಿಸಿಟ್ಟಿದ್ದೆ. ಸರಿ, ಒಲೆ ಒರೆಸು."

"ಒರೆಸ್ತೀನಿ. ಆಮೇಲೆ ಮೂರು ದಿನ ಕೂತ್ಕೋತೀನಿ."

"ಯಾತಕ್ಕೆ?"

"ಸುಸ್ತಾಗಿದೆ."

ನಮ್ಮ ಮನೆಯಲ್ಲಿ ಆ ಪದವನ್ನು ಗಂಡಸರು ಶಿಫ್ಟು ಮುಗಿಸಿ ಬಂದಾಗ ಬಳಸುತ್ತಿದ್ದರು. ಅತ್ತೆ ನೆಟ್ಟಗಾಗಿ ನಿಂತು ನನ್ನನ್ನು ನೋಡಿದರು. "ಸುಸ್ತು ಯಾರಿಗಿಲ್ಲ? ಏಳು ಹೆತ್ತೆ ನಾನು. ಬಾಣಂತಿ ಕೋಣೆಯಿಂದ ಎದ್ದು ಬಂದು ಅಕ್ಕಿ ರುಬ್ಬಿದೀನಿ. ಕಾನ್ವೆಂಟಲ್ಲಿ ಇದನ್ನೇ ಕಲಿಸಿದ್ರಾ ನಿಂಗೆ?"

"ಇದನ್ನೂ ಕಲಿಸಿದ್ರು" ಎಂದೆ.

ಉಡಾಫೆಗೆ ಹೇಳಿದ ಮಾತಲ್ಲ. ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಬೆಂಚುಗಳ ನಡುವೆ ಸದ್ದಿಲ್ಲದೆ ಓಡಾಡುತ್ತಾ ನಮ್ಮ ದಾರಗಳನ್ನೇ ನೋಡುತ್ತಿದ್ದರು. ಹೊಲಿಯುತ್ತಾ ಹೋದಂತೆ ದಾರ ತನ್ನಷ್ಟಕ್ಕೆ ಹುರಿಗೊಳ್ಳುತ್ತದೆ. ಹಾಗೇ ಎಳೆದರೆ ಗಂಟು ಬೀಳುತ್ತದೆ, ಮತ್ತೆ ಕತ್ತರಿಸಬೇಕಾಗುತ್ತದೆ. ಗಂಟು ಬೀಳುವ ಮೊದಲು ದಾರದ ಮೇಲೆ ಒಂದು ಸಣ್ಣ ಕುಣಿಕೆ ತಲೆ ಎತ್ತುತ್ತದೆ. ಅದು ಕಂಡ ಕೂಡಲೇ ಸೂಜಿಯನ್ನು ಕೈಬಿಡಬೇಕು. ಬಟ್ಟೆಯನ್ನು ಎತ್ತಿ ಹಿಡಿದರೆ ಸೂಜಿ ಗಾಳಿಯಲ್ಲಿ ಗಿರಗಿರ ತಿರುಗಿ, ದಾರ ತಾನೇ ಬಿಚ್ಚಿಕೊಳ್ಳುತ್ತದೆ. ಸೂಜಿ ಬಿಟ್ಟು ಕೂತ ಹುಡುಗಿಯನ್ನು ಅವರು ಸೋಮಾರಿ ಎಂದು ಒಮ್ಮೆಯೂ ಗದರಲಿಲ್ಲ. ಎಳೆದವಳ ಬಟ್ಟೆಯನ್ನು ಮಾತ್ರ ಪೂರ್ತಿ ಬಿಚ್ಚಿಸುತ್ತಿದ್ದರು. ಇದನ್ನು ಅತ್ತೆಗೆ ಹೇಳಿದೆ. "ಅಡುಗೇನೂ ಹೊಲಿಗೇನೂ ಒಂದೇನೇ?" ಎಂದರು.

ಅಷ್ಟರಲ್ಲಿ ಯಜಮಾನರು ಮುಖದ ಅರ್ಧಕ್ಕೆ ಸೋಪಿನ ನೊರೆ ಮೆತ್ತಿಕೊಂಡು ಬಾಗಿಲಿಗೆ ಬಂದರು. ಸಂಗತಿ ಕೇಳಿ ಮೊದಲು ನನ್ನ ಹಣೆಯತ್ತ ಕೈ ಚಾಚಿ, ಮಡಿ ನೆನಪಾಗಿ ಹಿಂದಕ್ಕೆಳೆದುಕೊಂಡರು. "ಜ್ವರ ಏನಾದ್ರೂ ಇದ್ಯಾ? ಡಾಕ್ಟರ್ ಹತ್ರ ಹೋಗೋಣ್ವಾ?"

"ಡಾಕ್ಟರಿಗೆ ತೋರ್ಸೋಕೆ ಏನೂ ಇಲ್ಲ ರೀ. ಇದೆ ಅನ್ನೋ ಹೊತ್ತಿಗೆ ತುಂಬಾ ತಡ ಆಗಿರತ್ತೆ. ನಮ್ಮ ಚಿಕ್ಕಮ್ಮನ್ನ ನೋಡಿಲ್ವಾ?"

ಅವರು ಕೆಟ್ಟವರಲ್ಲ. ಯಾರ ಮನಸ್ಸೂ ಮುರಿಯದ ದಾರಿ ಹುಡುಕುವ ಮನುಷ್ಯ. ದನಿ ತಗ್ಗಿಸಿ, "ಹಾಗಾದ್ರೆ ಹೊರಗೆ ಅಂತಾನೇ ಅಂದ್ಬಿಡು. ಅಡುಗೆ ಚೆಲ್ಲೋದು ಬೇಡ, ಅಡುಗೆಯೆಲ್ಲಾ ಮುಗಿದ್ಮೇಲೆ ಹೊರಗಾದೆ ಅಂದ್ರಾಯ್ತು. ಬೀದೀಲಿ ಯಾರಿಗೆ ಗೊತ್ತಾಗತ್ತೆ?" ಎಂದರು. ಅತ್ತೆಯ ಮುಖ ನೋಡಿದೆ. ಅವರೂ ಒಪ್ಪಿದಂತೆ ಕಂಡಿತು. ಅರೆಗಳಿಗೆಯಲ್ಲಿ ಎಲ್ಲರಿಗೂ ಹಗುರವಾಯಿತು, ನನ್ನನ್ನು ಬಿಟ್ಟು.

ಸುಳ್ಳು ಹೇಳಿದರೆ ಮೂರು ದಿನ ಸಿಗುತ್ತದೆ. ನಿಜ ಹೇಳಿದರೆ ಒಂದು ಗಂಟೆಯೂ ಇಲ್ಲ. ನನಗೆ ಸಿಟ್ಟು ಬಂದದ್ದು ಆಗ. ನಾನು ಗಟ್ಟಿಯಾಗಿ ಮಾತಾಡುವವಳಲ್ಲ, ಅವತ್ತೂ ಆಡಲಿಲ್ಲ.

"ಇಲ್ಲ" ಎಂದೆ. "ಹೊರಗೆ ಅನ್ನಲ್ಲ. ಯಾರು ಕೇಳಿದ್ರೂ ಸುಸ್ತಾಗಿದೆ ಅಂತೀನಿ. ತಿಂಗಳು ತಿಂಗಳು ಮೂರು ದಿನ ನಾನಿಲ್ದೇನೇ ಈ ಮನೆ ನಡೆಯತ್ತೆ. ನೀವು ನೀರು ಸೇದ್ತೀರಿ, ಅತ್ತೆ ಅಡುಗೆ ಮಾಡ್ತಾರೆ. ಹೊರಗಾದಾಗ ಆಗೋದು ಈಗ ಯಾಕಾಗಲ್ಲ?"

ನೊರೆ ಒಣಗಿ ಯಜಮಾನರ ಕೆನ್ನೆಯ ಮೇಲೆ ಬಿಳಿ ಪೊರೆಯಾಗಿತ್ತು. ನಾನು ಒಲೆ ಒರೆಸಿದೆ, ಮಕ್ಕಳ ಡಬ್ಬಿ ತುಂಬಿದೆ, ಯಜಮಾನರ ಕ್ಯಾರಿಯರ್ ತುಂಬಿದೆ, ಮಡಿ ಸೀರೆ ಬಿಚ್ಚಿ ಮಾಮೂಲಿ ಸೀರೆ ಉಟ್ಟೆ. ಸಣ್ಣ ಕೋಣೆಗೆ ಹೋಗಲಿಲ್ಲ. ಅಲ್ಲಿ ಕೂತರೆ ಮಾತಿಲ್ಲದೆ ಸುಳ್ಳು ಹೇಳಿದಂತೆ. ಬೀದಿಗೆ ಕಾಣುವ ಹಾಗೆ ಜಗಲಿಯಲ್ಲೇ ಚಾಪೆ ಹಾಸಿದೆ.

ಮೊದಲ ಎರಡು ಗಂಟೆ ಕೂರುವುದಕ್ಕೇ ಬರಲಿಲ್ಲ. ಒಳಗೆ ಪಾತ್ರೆ ಬಿದ್ದ ಸದ್ದಾದಾಗಲೆಲ್ಲ ಏಳುತ್ತಿದ್ದೆ. ಅತ್ತೆ ಬೇಕೆಂದೇ ಬೀಳಿಸುತ್ತಿದ್ದಾರೆ ಎಂದು ಗೊತ್ತಾದ ಮೇಲೆ ಏಳುವುದು ನಿಲ್ಲಿಸಿದೆ. ನಿದ್ದೆ ಬಂತು. ಎದ್ದಾಗ ನೆರಳು ಎದುರುಮನೆಯ ಗೇಟಿನವರೆಗೂ ಹೋಗಿತ್ತು.

ಊಟ ಬಡಿಸುವಾಗ ಅತ್ತೆ ಅನ್ನವನ್ನು ಮೇಲಿನಿಂದ ಎತ್ತಿ ಹಾಕಿದರು, ಹೊರಗಾದವರಿಗೆ ಹಾಕುವ ಹಾಗೆ. ನಾನು ಕೈ ಚಾಚಿ ಅವರ ಸೌಟು ಹಿಡಿದೆ. "ಮುಟ್ಟಬಹುದು ಅತ್ತೆ" ಎಂದೆ. ಅವರು ಸೌಟು ಬಿಡಿಸಿಕೊಂಡರು. ಮಡಿ ಹೋಯಿತೆಂದು ಬೈಯಲಿಲ್ಲ. ಹೊಸ್ತಿಲ ಮೇಲೆ ಕಷ್ಟಪಟ್ಟು ಕೂತರು, ಕಾಲು ನೀಡಿ ಮಂಡಿ ಒತ್ತಿಕೊಂಡರು.

"ನಾನು ಎರಡು ಸಲ ಹೇಳಿದೀನಿ" ಎಂದರು ಬೀದಿಯ ಕಡೆ ನೋಡುತ್ತಾ.

"ಏನನ್ನ?"

"ಹೊರಗೆ ಅಂತ. ಆಗದೇನೇ. ಒಂದ್ಸಲ ನಿನ್ನ ಗಂಡ ಹೊಟ್ಟೇಲಿದ್ದಾನೆ ಅಂತ ಗೊತ್ತಾಗೋಕೆ ಮುಂಚೆ. ಆಮೇಲೆ ನಮ್ಮತ್ತೆ ಲೆಕ್ಕ ಹಾಕಿ ಎಷ್ಟು ಬೈದ್ರು." ನಗು ಬಂತೇನೋ, ಸೆರಗಿನಿಂದ ಬಾಯಿ ಒರೆಸಿಕೊಂಡರು. "ಎಲ್ರೂ ಹೇಳ್ತಾರೆ ಕಣೆ. ನೀನೊಬ್ಬಳು ಬಾಯಿಬಿಟ್ಟು ನಿಜ ಹೇಳಿ ಕೂತೆ. ಇನ್ಮೇಲೆ ಯಾರು ಹೊರಗೆ ಅಂದ್ರೂ ಗಂಡಸರು ಅನುಮಾನ ಪಡ್ತಾರೆ. ಸುಮ್ನಿದ್ದಿದ್ರೆ ಎಲ್ರಿಗೂ ಸುಲಭ ಆಗ್ತಿತ್ತು."

"ಎಲ್ರಿಗೂ ಅಂದ್ರೆ ಯಾರಿಗೆ ಅತ್ತೆ?"

ಅವರು ಏಳಲು ಕೈ ಚಾಚಿದರು. ಎಬ್ಬಿಸಿದೆ. ಒಳಗೆ ಹೋಗಿ, ಅಂಗಡಿಯಿಂದ ಬಂದಿದ್ದ ಕಡಲೆಬೇಳೆಯ ಪೊಟ್ಟಣವನ್ನು ಡಬ್ಬಿಗೆ ಸುರಿದುಕೊಂಡು, ಕಾಗದವನ್ನು ನನ್ನ ಚಾಪೆಯ ಮೇಲೆ ಎಸೆದು ಹೋದರು. ಬಿಡಿಸಿ, ನೀವಿ, ಓದಿದೆ. ಯಾವುದೋ ಶಾಲೆಯ ಹಾಜರಿ ಪುಸ್ತಕದ ಹಾಳೆ. ಇಪ್ಪತ್ತು ಹುಡುಗರ ಹೆಸರು, ಗೈರುಹಾಜರಿಯ ಗುರುತುಗಳು. ಅದನ್ನೇ ಎರಡು ಸಲ ಓದಿದೆ. ಆಮೇಲೆ ಬಾಚಣಿಗೆ ತರಿಸಿಕೊಂಡು, ನಿಧಾನವಾಗಿ, ಮೂರು ಕಾಲಿನ ಜಡೆ ಹೆಣೆದುಕೊಂಡೆ.

ಸಂಜೆ ದೀಪ ಹಚ್ಚುವ ಮೊದಲು ಹಾಲಿನವಳು ಬಂದಳು. ತಲೆಯ ಮೇಲೆ ಹುಲ್ಲಿನ ಹೊರೆ, ಕೈಯಲ್ಲಿ ಹಾಲಿನ ಕ್ಯಾನು. ಹುಲ್ಲನ್ನು ಹೆಬ್ಬಾಳದ ಕೆರೆಯ ಕಡೆಯಿಂದ ಕೊಯ್ದು ತರುತ್ತಿದ್ದಳು. ಹೊರೆಯ ನೀರು ಅವಳ ಕುತ್ತಿಗೆಗೆ ಇಳಿಯುತ್ತಿತ್ತು. ಜಗಲಿಯ ಮೇಲೆ ಕಾಲು ನೀಡಿ ಕೂತಿದ್ದ ನನ್ನನ್ನು ಕಂಡು ನಾಲ್ಕು ಮಾರು ದೂರದಲ್ಲೇ ನಿಂತಳು.

"ಏನಕ್ಕಾ, ಒರಗಾ?"

ಒಳಗೆ ಪಾತ್ರೆಯ ಸದ್ದು ನಿಂತಿತು. ಕೆಲಸದಿಂದ ಬಂದು ಕಾಫಿ ಕುಡಿಯುತ್ತಿದ್ದ ಯಜಮಾನರು ಲೋಟವನ್ನು ಕೆಳಗಿಡಲಿಲ್ಲ.

"ಇಲ್ಲ ಕಣಮ್ಮ. ಸುಸ್ತಾಗಿದೆ, ಅದಕ್ಕೇ ಕೂತಿದೀನಿ. ಇನ್ನೂ ಎರಡು ದಿನ ಕೂತಿರ್ತೀನಿ."

ಅವಳು ಹತ್ತಿರ ಬಂದು, ನಾನು ಚಾಚಿದ ಪಾತ್ರೆಗೆ ಹೊರೆ ಅಲುಗದ ಹಾಗೆ ಹಾಲು ಬಗ್ಗಿಸಿದಳು. ಕ್ಯಾನಿನ ಮುಚ್ಚಳ ಹಾಕುತ್ತಾ, ಹೊರಡುವ ಮೊದಲು, ಯಾರಿಗೋ ಅನ್ನುವ ಹಾಗೆ ಅಂದಳು:

"ಸುಸ್ತಾದ್ರೂ ಕೂತ್ಕೋಬೌದಾ? ಇದ್ನ ನಮ್ಗ್ಯಾರೂ ಏಳೇ ಇಲ್ವಲ್ಲ."