ಬಾಗಿಲ ಬಳಿ ಕೂತವರು

ಮಸ್ಕತ್ತಿನಲ್ಲಿ ನಾನು ಟೈಪಿಸ್ಟ್ ಆಗಿದ್ದದ್ದು ಒಬ್ಬ ಒಮಾನಿ ಪ್ರೊಫೆಸರರ ಹತ್ತಿರ. ಅರಬರ ಊರುಗಳಲ್ಲಿ ಆಡಳಿತದ ವಿಷಯಕ್ಕೆ ಯಾರು ಬಾಯಿ ತೆರೆಯುತ್ತಾರೆ, ಯಾರು ತೆರೆಯುವುದಿಲ್ಲ ಎನ್ನುವುದೇ ಅವರ ಜೀವಮಾನದ ಅಧ್ಯಯನ. ಊರವರು ಸೇರುವ ಸಬ್ಲಾ ಎಂಬ ಚಾವಡಿಗೆ ಹೋಗುವಾಗ, ಅಷ್ಟಿಷ್ಟು ಅರಬ್ಬಿ ಬರುತ್ತಿದ್ದ ನನ್ನನ್ನೂ ಕರೆದೊಯ್ಯುತ್ತಿದ್ದರು.

ಒಮ್ಮೆ ಅಲ್ಲಿ ಹೊಸ ರಸ್ತೆಯ ಮಾತುಕತೆ ನಡೆಯಿತು. ನಾನು 'ಎಲ್ಲರೂ ಒಪ್ಪಿದರು' ಎಂದು ಟೈಪ್ ಮಾಡಿ ಕೊಟ್ಟೆ. ಅವರು ಕನ್ನಡಕವನ್ನು ಹಣೆಗೇರಿಸಿ ಹಿಂದಿಯಲ್ಲಿ ಕೇಳಿದರು, "ಬಾಗಿಲ ಬಳಿ ಕೂತವರು ಏನಂದರು?"

"ಏನೂ ಹೇಳಲಿಲ್ಲ ಸರ್. ಮೊದಲ ಕಾಫಿಗೇ ಕಪ್ ಅಲ್ಲಾಡಿಸಿಬಿಟ್ಟರು, ಅಷ್ಟೆ." ಅಲ್ಲಿ ಖಾಲಿ ಕಪ್ ಅಲ್ಲಾಡಿಸಿದರೆ 'ಇನ್ನು ಸಾಕು' ಎಂದರ್ಥ.

"ಅದನ್ನೂ ಬರಿ."

ರಸ್ತೆ ಹಾಯುವುದು ಹಾಗೆ ಕಪ್ ಅಲ್ಲಾಡಿಸಿದವರ ಖರ್ಜೂರದ ತೋಟದ ಮೇಲೆಯೇ ಎಂದು ಆಮೇಲೆ ತಿಳಿಯಿತು.

ಆ ಪ್ರಶ್ನೆ ನನಗೂ ಅಂಟಿಕೊಂಡಿತು. ವಾದಿ ಕಬೀರ್ ಬಡಾವಣೆಯ ನಮ್ಮ ರೂಮಿನಲ್ಲಿ ಗಂಜಿಯೋ ಚಪಾತಿಯೋ ಎಂಬ ಚರ್ಚೆಯಲ್ಲೂ ಅದನ್ನೇ ಕೇಳಿ, "ನಿನ್ನ ಪ್ರೊಫೆಸರಿಕೆ ಇಲ್ಲಿ ಬೇಡ ಮಾರಾಯ!" ಎಂದು ಬೈಸಿಕೊಂಡಿದ್ದೇನೆ.

ಪ್ರೊಫೆಸರರ ಬೀಳ್ಕೊಡುಗೆಯ ದಿನ ವಿಭಾಗದ ದೊಡ್ಡವರೆಲ್ಲ ಮಾತಾಡಿದರು. ನಾನು ಬಾಗಿಲ ಬಳಿ ಕೂತಿದ್ದೆ. ಅವರು ನನ್ನತ್ತ ತಿರುಗಿ ಅದೇ ಪ್ರಶ್ನೆ ಕೇಳಿದರು. ನಾನು ಕೈಯಲ್ಲಿದ್ದ ಖಾಲಿ ಕಪ್ ನೋಡಿದೆ. ಆಗ ತಾವೇ ಕಾಫಿಯ ಹೂಜಿ ಹಿಡಿದು ಬಂದು ನನ್ನ ಕಪ್ಪಿಗೆ ಹೊಯ್ದರು. ಕುಡಿದೆ. ಮತ್ತೆ ಹೊಯ್ದರು. ಮತ್ತೆ ಕುಡಿದೆ.

ಕಪ್ ಅಲ್ಲಾಡಿಸಲು ಮನಸ್ಸೇ ಬರಲಿಲ್ಲ.