ಕುಣಿತದ ನೆಲ ಕಾಯುವ ಲಿನೆಟ್

ಥಾರ್ನ್‌ಸೀ ಊರಿಗೆ ಬೆಳಕು ಕಡಲಿನ ಕಡೆಯಿಂದಲೇ ಬರಬೇಕು. ಅದಿನ್ನೂ ಬಂದಿಲ್ಲ. ಸೋಷಿಯಲ್ ಕ್ಲಬ್ಬಿನ ಮಹಡಿಯ ಹಾಲಿನಲ್ಲಿ ಲಿನೆಟ್ ಹಾರ್ಕರ್ ಆಗಲೇ ಮಂಡಿಯೂರಿ ಕೂತಿದ್ದಾರೆ. ಮಂಡಿಯ ಕೆಳಗೊಂದು ಹಳೆಯ ದಿಂಬು, ಕೈಯಲ್ಲಿ ಬಿಸಿನೀರಿಗೆ ಅದ್ದಿ ಹಿಂಡಿದ ಬಟ್ಟೆ. ನಿನ್ನೆ ಸಂಜೆ ಬಿಂಗೋ ಆಡಲು ಬಂದವರು ಯಾರೋ ಬಿಯರ್ ಚೆಲ್ಲಿ, ಅದರ ಮೇಲೆ ಕುರ್ಚಿ ಎಳೆದು, ಏನೂ ಆಗದವರಂತೆ ಮನೆಗೆ ಹೋಗಿದ್ದಾರೆ. ಯಾರೆಂದು ಲಿನೆಟ್‌ಗೆ ಗೊತ್ತು. ಹೆಸರು ಬರೆಯಬೇಡ ಎಂದು ಊರಿನ ಪೇಪರಿಗೆ ಬರೆಯುವ ನನಗೆ ತಾಕೀತು ಮಾಡಿದ್ದಾರೆ. ಆ ಮಹಾಶಯರು ಇದನ್ನು ಓದುವಾಗ ಒಮ್ಮೆ ಕೆಮ್ಮಿಕೊಂಡರೆ ಸಾಕು.

ಅಂಟು ಬಿಟ್ಟ ಮೇಲೆ, ಕೋಲಿನ ತುದಿಗೆ ಸಿಕ್ಕಿಸಿದ ಟೆನಿಸ್ ಚೆಂಡಿನಿಂದ ಬೂಟುಗಳ ಕರಿ ಗೀರುಗಳನ್ನು ಉಜ್ಜುತ್ತಾರೆ. ಆಮೇಲೆ ಮೇಣ, ಆಮೇಲೆ ಒಣಬಟ್ಟೆ. ಕೊನೆಗೆ ಒಂದಿಷ್ಟು ಪೌಡರ್ ಎರಚಿ, ತೊಗಲಿನ ಅಟ್ಟೆಯ ಹಳೆಯ ಶೂ ಮೆಟ್ಟಿಕೊಂಡು ಒಂದು ಕಾಲನ್ನು ಮೆಲ್ಲಗೆ ಮುಂದಕ್ಕೆ ಜಾರಿಸಿ ನೋಡುತ್ತಾರೆ. "ಜಾಸ್ತಿ ಜಾರಿದ್ರೆ ಸೊಂಟ ಮುರ್ಕೋತಾರೆ, ಜಾರದಿದ್ರೆ ಮೊಣಕಾಲು ತಿರುಚ್ಕೋತಾರೆ. ಎರಡಕ್ಕೂ ಬೈಯೋದು ನನ್ನನ್ನೇ" ಎನ್ನುತ್ತಾರೆ.

ನಾನೂ ನನ್ನ ಹೆಂಡತಿಯೂ ಗುರುವಾರ ಮಧ್ಯಾಹ್ನ ಈ ನೆಲದ ಮೇಲೆ ಕುಣಿಯುವವರೇ. ಚಹಾ, ಹ್ಯಾಮ್ ಸ್ಯಾಂಡ್‌ವಿಚ್, ನಡುನಡುವೆ ವಾಲ್ಟ್ಜ್ ಎಂಬ ಜೋಡಿಕುಣಿತ. ಗಂಡಸರು ಕಡಿಮೆಯಾಗಿ ಈಗೀಗ ಹೆಂಗಸರು ಹೆಂಗಸರೇ ಜೋಡಿಯಾಗುತ್ತಾರೆ. ನೆಲ ತನ್ನಷ್ಟಕ್ಕೆ ತಾನೇ ಹೊಳೆಯುತ್ತದೆ ಎಂಬುದು ನಮ್ಮಲ್ಲಿ ಬಹಳ ಜನರ ನಂಬಿಕೆ. ಹೊಳೆಯಿಸುವಾಕೆ ಆ ಹೊತ್ತಿನಲ್ಲಿ ಪಕ್ಕದ ಅಡುಗೆಮನೆಯಲ್ಲಿ ಕಪ್ಪು-ಬಸಿ ತೊಳೆಯುತ್ತಿರುತ್ತಾರೆ. ಹಾಲಿಗೂ ಅಡುಗೆಮನೆಗೂ ನಡುವೆ ಚಹಾ ಕೊಡಲು ಒಂದು ಕಿಂಡಿಯಿದೆ. ಲಿನೆಟ್ ಕಂಡಿರುವ ಕುಣಿತವೆಲ್ಲ ಆ ಕಿಂಡಿಯಲ್ಲಿ ಕಂಡಷ್ಟೇ.

ಹದಿನಾರರ ವಯಸ್ಸಿನಲ್ಲಿ ಗ್ಲಾಸು ಎತ್ತುವ ಹುಡುಗಿಯಾಗಿ ಇಲ್ಲಿಗೆ ಬಂದವರು. ಆಗ ಬೇಸಿಗೆಯಲ್ಲಿ ರೈಲು ತುಂಬ ಜನ ಬಂದಿಳಿಯುತ್ತಿದ್ದರು, ಹಾಲಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮದುವೆಯೂ ಆಯಿತು. ಗಂಡ ಉತ್ತರದ ಕಡಲಿನಲ್ಲಿ ಎಣ್ಣೆ ತೆಗೆಯುವ ಕೆಲಸಕ್ಕೆ ಹೋದವನು ಅಬರ್ಡೀನಿನಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ. ಮಗಳನ್ನು ಲಿನೆಟ್ ಒಬ್ಬರೇ ಸಾಕಿದರು. ಬೆಳಿಗ್ಗೆ ಈ ನೆಲ, ಸಂಜೆ ಮೀನು-ಚಿಪ್ಸ್ ಅಂಗಡಿ. ಈಗಲೂ ವಾರಕ್ಕೆ ನಾಲ್ಕು ಸಂಜೆ ಅಲ್ಲಿ ಮೀನು ಕರಿಯುತ್ತಾರೆ. ಎಷ್ಟು ಸೋಪು ಹಾಕಿದರೂ ಕೂದಲಿನಿಂದ ಎಣ್ಣೆ ವಾಸನೆ ಹೋಗುವುದಿಲ್ಲ ಎಂಬುದೊಂದೇ ಅವರು ನನ್ನೆದುರು ಹೇಳಿಕೊಂಡ ದೂರು.

ಸೆಪ್ಟೆಂಬರಿನ ಕೊನೆಯ ಗುರುವಾರ ಇಲ್ಲಿ ಕೊನೆಯ ಕುಣಿತ. ಅದಾದ ಮೇಲೆ ಈ ಹಲಗೆಗಳ ಮೇಲೆ ಕಾರ್ಪೆಟ್ ಬೀಳಲಿದೆ. ಹಾಲನ್ನು ಊಟದ ಪಾರ್ಟಿಗಳಿಗೆ ಬಾಡಿಗೆಗೆ ಕೊಡದಿದ್ದರೆ ಕ್ಲಬ್ಬು ಚಳಿಗಾಲ ದಾಟುವುದಿಲ್ಲ ಎಂದು ಕಮಿಟಿ ಹೇಳುತ್ತದೆ. ಕಮಿಟಿಯ ಮಾತು ಸುಳ್ಳಲ್ಲ, ಅದೇ ಸಂಕಟ.

ಆದರೆ ಲಿನೆಟ್‌ರ ಸಂಕಟ ಹಲಗೆಗಳದ್ದಲ್ಲ. ಕುಣಿತದೊಂದಿಗೆ ಆರ್ಗನ್ನೂ ನಿಲ್ಲುತ್ತದಲ್ಲ, ಅದನ್ನು ನುಡಿಸುವ ನೆವಿಲ್ ಸ್ಪಿಂಕ್‌ರದ್ದು. ಕಡಲಿನೊಳಕ್ಕೆ ಚಾಚಿಕೊಂಡ ಕಟ್ಟೆಯ ಮೇಲೆ ಅವರು ನುಡಿಸುತ್ತಿದ್ದ ನಾಟಕಶಾಲೆ ಮುಚ್ಚಿದಾಗಿನಿಂದ ನೆವಿಲ್ ಇಲ್ಲಿದ್ದಾರೆ. ಮದುವೆಯಾದವರಲ್ಲ, ಕಾಯಿಲೆಯ ಅಕ್ಕನನ್ನು ಕೊನೆಯವರೆಗೂ ನೋಡಿಕೊಂಡವರು. ಮನೆಯಲ್ಲಿ ಆರ್ಗನ್ನಿಗೆ ಜಾಗವಿಲ್ಲವೆಂದು ಬೆಳಿಗ್ಗೆ ಇಲ್ಲಿಗೇ ಬಂದು ಅಭ್ಯಾಸ ಮಾಡುತ್ತಾರೆ. ಅವರು ನುಡಿಸುತ್ತಾರೆ, ಲಿನೆಟ್ ಒರೆಸುತ್ತಾರೆ. ಇಷ್ಟು ವರ್ಷಗಳಲ್ಲಿ ಇಬ್ಬರೂ ಜೊತೆಯಾಗಿ ಒಂದು ಹೆಜ್ಜೆ ಕುಣಿದಿಲ್ಲ.

"ಅವನು ಅತ್ಲಾಗೆ ತಿರುಗಿ ಕೂತಿರ್ತಾನೆ. ನಾನು ನೋಡಿರೋದೆಲ್ಲ ಅವನ ಬೆನ್ನು" ಎಂದು ಲಿನೆಟ್ ನಗುತ್ತಾರೆ. ಆ ನಗು ಬೇಗ ಆರಿಹೋಗುತ್ತದೆ. ಅವನ ಮೇಲಿನ ಈ ಮನಸ್ಸನ್ನು ಬರೆಯಬಹುದೇ ಎಂದು ಕೇಳಿದೆ. ಬರಿ, ಊರಿಗೆಲ್ಲ ಗೊತ್ತು, ಗೊತ್ತಿಲ್ಲದವನು ಅವನೊಬ್ಬನೇ, ಅವನು ಪೇಪರ್ ಓದುವುದಿಲ್ಲ ಎಂದರು.

ನಮ್ಮ ಕ್ಲಬ್ಬಿನಲ್ಲಿ ಪ್ರತಿ ಗುರುವಾರ ಒಂದು ಕುಣಿತ ಹೆಂಗಸರ ಸರದಿ. ಹೆಂಗಸು ಬಂದು ಕೈ ಚಾಚಿದರೆ ಗಂಡಸು ಒಲ್ಲೆ ಎನ್ನುವಂತಿಲ್ಲ, ಅದು ಹಿಂದಿನಿಂದ ಬಂದ ಕಟ್ಟುಪಾಡು. ಕೊನೆಯ ಗುರುವಾರ ಆ ಕುಣಿತಕ್ಕೆ ರೆಕಾರ್ಡ್ ಹಾಕಿ ನೆವಿಲ್‌ರನ್ನು ಆರ್ಗನ್ನಿನಿಂದ ಬಿಡಿಸುವುದೆಂದು ನಾವೆಲ್ಲ ಸೇರಿ ಗೊತ್ತುಮಾಡಿದ್ದೇವೆ. ಚಹಾ ಕೊಡುವ ಬೆರಿಲ್ ತಡೆಯಲಾರದೆ ಲಿನೆಟ್‌ಗೆ ಹೇಳಿಯೂ ಬಿಟ್ಟರು: "ಹೋಗಿ ಕೇಳೇ ಮಾರಾಯ್ತಿ, ಅವನು ಒಲ್ಲೆ ಅನ್ನೋ ಹಾಗಿಲ್ವಲ್ಲ."

ಸಂತೋಷಪಡುತ್ತಾರೆಂದು ನಾವು ಎಣಿಸಿದ್ದೆವು. ಲಿನೆಟ್ ಎರಡು ದಿನ ಬೆರಿಲ್ ಜೊತೆ ಮಾತು ಬಿಟ್ಟರು. ಯಾಕೆಂದು ಇವತ್ತು ನನಗೆ ಹೇಳುತ್ತಿದ್ದಾರೆ, ಬಟ್ಟೆ ಹಿಂಡುತ್ತಾ, ನನ್ನ ಮುಖ ನೋಡದೆ.

"ಒಲ್ಲೆ ಅನ್ನೋ ಹಾಗಿಲ್ಲ ಅಂತಾನೇ ನಾನು ಇಷ್ಟು ವರ್ಷ ಕೇಳಿಲ್ಲ ಕಣೋ. ಅವನು ಎದ್ದು ಬಂದ ಅಂತಿಟ್ಕೋ. ಕ್ಲಬ್ಬಿನ ಕಟ್ಟುಪಾಡಿಗೆ ಬಂದನೋ, ನನಗೋಸ್ಕರ ಬಂದನೋ? ನಂಗೆ ಹೇಗೆ ಗೊತ್ತಾಗ್ಬೇಕು?"

ಹಾಗಾದರೆ ನಿನ್ನ ಆಸೆಯಾದರೂ ಏನು ಎಂದು ಕೇಳುತ್ತೇನೆ. ಬೇಡ ಎನ್ನಲು ಬರುವ ಹೊತ್ತಿನಲ್ಲಿ ಅವನನ್ನು ಒಮ್ಮೆ ಕೇಳಬೇಕು ಎನ್ನುತ್ತಾರೆ. ಬೇಡ ಎಂದರೂ ಚಿಂತೆಯಿಲ್ಲವಂತೆ. ಚಿಂತೆಯಿಲ್ಲ ಎಂದವರು ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡುತ್ತಾರೆ. ಅರುವತ್ತೆಂಟರ ಹೆಂಗಸಿನ ಹಂಬಲ ಇಷ್ಟೇ.

ಕಿಟಕಿಯಲ್ಲಿ ಕಡಲು ಬೆಳ್ಳಗಾಗುವ ಹೊತ್ತಿಗೆ ನೆವಿಲ್ ಬರುತ್ತಾರೆ. ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಒರೆಸಿದ ನೆಲ ತುಳಿಯದಂತೆ ಗೋಡೆಯುದ್ದಕ್ಕೂ ಸುತ್ತಿ ಹೋಗಿ ಆರ್ಗನ್ನಿನ ಮುಂದೆ ಕೂರುತ್ತಾರೆ. ನನಗೊಂದು ನಮಸ್ಕಾರ, ಲಿನೆಟ್‌ಗೆ ಇವತ್ತು ಗಾಳಿ ಜೋರು ಎಂಬ ಸುದ್ದಿ. ಆಮೇಲೆ ಒಂದು ನಿಧಾನದ ವಾಲ್ಟ್ಜ್.

ಹಾಡು ಅರ್ಧಕ್ಕೆ ಬಂದಿದೆ. ಲಿನೆಟ್ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ತಾವೇ ಹೊಳೆಯಿಸಿದ ನೆಲದ ನಟ್ಟನಡುವೆ ನಡೆದು ಆರ್ಗನ್ನಿನ ಪಕ್ಕಕ್ಕೆ ಹೋಗಿ ನಿಲ್ಲುತ್ತಾರೆ. ನಾನು ಅಡುಗೆಮನೆಗೆ ಸರಿಯಬೇಕಿತ್ತು. ಸರಿಯಲಿಲ್ಲ.

"ನೆವಿಲ್, ನನ್ನ ಜೊತೆ ಒಂದು ಸುತ್ತು ಕುಣೀತೀಯಾ? ಇವತ್ತು ಗುರುವಾರ ಅಲ್ಲ. ಬೇಡ ಅನ್ನಿಸಿದ್ರೆ ಬೇಡ ಅನ್ನು."

ಆರ್ಗನ್ ನಿಲ್ಲುತ್ತದೆ. ನೆವಿಲ್ ಪೂರ್ತಿ ಈ ಕಡೆ ತಿರುಗಿ ಕೂರುತ್ತಾರೆ. ಲಿನೆಟ್‌ರ ಮುಖ ನೋಡುತ್ತಾರೆ.

"ಇವತ್ತು ಬೇಡ" ಎನ್ನುತ್ತಾರೆ.

ಲಿನೆಟ್ ತಲೆಯಾಡಿಸಿ ಬಕೆಟ್ಟಿನ ಕಡೆ ತಿರುಗುತ್ತಾರೆ.

"ಕೊನೇ ಗುರುವಾರ ಕೇಳು, ಲಿನೆಟ್. ಎಲ್ಲರ ಮುಂದೆ."

"ಅವತ್ತು ನೀನು ಒಲ್ಲೆ ಅನ್ನೋ ಹಾಗಿಲ್ಲ."

"ಗೊತ್ತು" ಎನ್ನುತ್ತಾರೆ ನೆವಿಲ್. "ಅದಕ್ಕೇ, ಒಲ್ಲೆ ಅನ್ನಬಹುದಾದ ಇವತ್ತೇ ಹೂಂ ಅಂತಿದೀನಿ."