ಗೆರೆ ಎಳೆಯದ ಎಲ್ಬೋ

ನಮ್ಮ ಕೋಮಲಾ ನಿಂತಲ್ಲಿ ನಿಲ್ಲುವವಳಲ್ಲ. ಹೊಳೆನರಸೀಪುರದ ನನ್ನ ಹಾರ್ಡ್‌ವೇರ್ ಅಂಗಡಿಗೆ ಬಂದರೆ ಸ್ಟೂಲಿನ ಮೇಲೆ ಕೂರುವುದಿಲ್ಲ, ಕೊಟ್ಟ ಟೀ ಪೂರ್ತಿ ಕುಡಿಯುವುದಿಲ್ಲ, ಮೂರು ಸಲ ಬ್ಯಾಗು ತೆಗೆದು ನೋಡುತ್ತಾಳೆ. ಹಾಸನದ ಗಾರ್ಮೆಂಟ್ಸ್‌ನಲ್ಲಿ ಎಂಟು ವರ್ಷ ಒಂದೇ ಜಾಗದಲ್ಲಿ ಕೂತು ಕಾಲರ್ ಹೊಲಿದವಳು ಇವಳೇನಾ ಅಂತ ನನಗೆ ಈಗಲೂ ಅನುಮಾನ.

ಮೂವತ್ತೆರಡನೇ ವಯಸ್ಸಿಗೆ ಆ ಕೆಲಸ ಬಿಟ್ಟು ಮೂರು ತಿಂಗಳ ಪ್ಲಂಬಿಂಗ್ ಕೋರ್ಸ್ ಸೇರಿದಳು. ಸರ್ಟಿಫಿಕೇಟ್ ಬಂತು, ಕೆಲಸ ಬರಲಿಲ್ಲ. ಹೆಂಗಸು ಪೈಪ್ ಹಾಕ್ತಾಳಾ ಅಂತ ನಕ್ಕವರಲ್ಲಿ ನಾನೂ ಒಬ್ಬ, ಸುಳ್ಳು ಯಾಕೆ ಹೇಳಲಿ. ಕೊನೆಗೆ ಅರಕಲಗೂಡಿನ ಶಿವಯ್ಯ ಮೇಸ್ತ್ರಿ ಜೊತೆಗೆ ಸೇರಿಸಿಕೊಂಡ. ಮೊದಲ ಆರು ತಿಂಗಳು ಬರೀ ಪೈಪ್ ಕುಯ್ಯುವುದು, ತುದಿ ಉಜ್ಜುವುದು. ಆಮೇಲೆ ಅಂಟಿಸುವುದು. ಸಲ್ಯೂಷನ್ ಸವರಿ, ಒತ್ತಿ ತಿರುಗಿಸಿ, ಮೂವತ್ತು ಎಣಿಸುವ ತನಕ ಕೈ ಬಿಡುವಂತಿಲ್ಲ. ಅಂಟಿಸಿದ ಪ್ರತಿ ಜಾಯಿಂಟಿನ ಮೇಲೂ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಬೇಕು. ಗೆರೆ ಇಲ್ಲವೆಂದರೆ ಅದು ಅಳತೆಗೆ ಸುಮ್ಮನೆ ಸಿಕ್ಕಿಸಿದ್ದು ಅಂತ ಅರ್ಥ. ಗೋಡೆ ಮುಚ್ಚುವ ಮುಂಚೆ ಪೈಪಿಗೆ ನೀರು ತುಂಬಿ ಪಂಪ್ ಒತ್ತಿದರೆ, ಒತ್ತಡದ ಮೀಟರಿನ ಮುಳ್ಳು ಒಂದು ಗಂಟೆ ಇಳಿಯದೆ ನಿಲ್ಲಬೇಕು; ಇಳಿದರೆ ಎಲ್ಲೋ ಸೋರುತ್ತಿದೆ ಅಂತ. ಎರಡು ವರ್ಷ ಅವಳು ಇದನ್ನೇ ಕಲಿತಳು.

ಹೋದ ವರ್ಷ ಅವಳೊಬ್ಬಳ ಕೈಗೇ ಮೊದಲ ಮನೆ ಸಿಕ್ಕಿತು, ನಮ್ಮ ಬೀದಿಯ ಸುಬ್ಬಮ್ಮನದು. ಸುಬ್ಬಮ್ಮ ತೆಂಗಿನ ತೋಟದ ಒಡತಿ, ಮಾತು ಖಡಕ್ಕು. ಈ ಮನೆ ಕೆಟ್ಟರೆ ಇನ್ನೊಬ್ಬರು ಕರೆಯುವುದಿಲ್ಲ ಅಂತ ಕೋಮಲಾಗೂ ಗೊತ್ತು, ಊರಿಗೂ ಗೊತ್ತು. ಪೈಪ್ ಕೂರಿಸಿ ನೀರು ತುಂಬಲು ಹೊರಟಾಗ ಸುಬ್ಬಮ್ಮ ಅಡ್ಡ ಬಂದಳು.

"ಗಂಗೆ ಪೂಜೆ ಆಗ್ದೆ ಒಸ ನಲ್ಲೀಲಿ ನೀರು ಬುಡ್ತಾರೇನವ್ವ? ಗೃಹಪ್ರವೇಶದ ದಿನ ಪೂಜೆ ಮಾಡೇ ಬುಡೋದು. ಇನ್ನೊಂದ್ ಮಾತಿಲ್ಲ."

ಕೋಮಲಾ ಹೆದರಿ ಹೂಂ ಅಂದಳು. ಮಾರನೇ ದಿನವೇ ಟೈಲ್ಸಿನವನು ಬಂದು ಗೋಡೆ ಮುಚ್ಚಿಬಿಟ್ಟ.

ಅಲ್ಲಿಂದ ಅವಳ ಜೀವಕ್ಕೆ ಸಮಾಧಾನವಿಲ್ಲ. ಗೋಡೆ ಮುಚ್ಚುವ ಮುಂಚೆ ಮೊಬೈಲಿನಲ್ಲಿ ತೆಗೆದಿಟ್ಟ ಫೋಟೋಗಳನ್ನು ತನ್ನೂರಿಂದ ಬರುವ ಬಸ್ಸಿನಲ್ಲೂ ನೋಡುವಳು, ಒಲೆ ಮುಂದೆಯೂ ನೋಡುವಳು. ಗೃಹಪ್ರವೇಶಕ್ಕೆ ಒಂದು ದಿನ ಇದೆ ಅನ್ನುವಾಗ, ಬೆಳಿಗ್ಗೆ ನಾನು ಶಟರ್ ಎತ್ತುವ ಹೊತ್ತಿಗೇ ಬಾಗಿಲಲ್ಲಿದ್ದಳು.

"ಚನ್ನಪ್ಪಣ್ಣ, ಬಚ್ಚಲ ಮೂಲೆ ಎಲ್ಬೋ ನೋಡಿ. ಗೆರೆ ಐತಾ?"

ಅವಳು ಮುಂದೆ ಹಿಡಿದ ಫೋಟೋದಲ್ಲಿ, ಪೈಪ್ ಮೂಲೆ ತಿರುಗುವ ಆ ಬಾಗಿದ ತುಂಡಿನ ಮೇಲೆ ಗೆರೆ ಇರಲಿಲ್ಲ.

"ಅಂಟ್ಸಿ ಗೆರೆ ಮರ್ತಿರ್ತೀಯ ಬುಡು," ಅಂದೆ. "ನಾಳೆ ಊರೆಲ್ಲ ಬತ್ತದೆ. ಬಾಯ್ ಮುಚ್ಕಂಡಿರು. ಸೋರುದ್ರೆ ಆಮೇಲ್ ನೋಡ್ಕಳವ."

"ಅಂಟ್ಸಿದ್ನೋ ಇಲ್ವೋ ನೆನಪೇ ಬತ್ತಿಲ್ಲ ಕಣಣ್ಣ. ಒಂದ್ ಎಲ್ಬೋ, ಒಂದ್ ಸಲ್ಯೂಷನ್ ಕೊಡಿ."

ಕೊಟ್ಟೆ. ಕೂರಲಾಗದೆ ಅವಳ ಹಿಂದೆಯೇ ಹೋದೆ. ಸುಬ್ಬಮ್ಮ ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿಸುತ್ತಿದ್ದಳು. ಕೋಮಲಾ ಸುತ್ತಿ ಬಳಸದೆ ವಿಷಯ ಹೇಳಿದಳು.

"ಪೂಜೆ ಅಂದಾಗ್ಲೇ ಇದ್ ಯಾಕ್ ಬೊಗಳ್ಲಿಲ್ಲ?" ಸುಬ್ಬಮ್ಮನ ದನಿ ಬೀದಿಗೆ ಕೇಳಿಸಿತು.

"ನೀವ್ ಕೆಲ್ಸ ಬುಡಿಸ್ತೀರ ಅಂತ ಭಯ ಆಯ್ತು."

"ಈಗ ಭಯ ಇಲ್ವಾ?"

"ಐತೆ. ಗಂಗೆ ಪೂಜೆ ಇವತ್ತೇ ಮಾಡ್ಬುಡಿ ಅಮ್ಮ. ನೀರು ತುಂಬಿ ನೋಡ್ಬುಡ್ತೀನಿ."

ಸುಬ್ಬಮ್ಮ ಅವಳನ್ನು ದುರುಗುಟ್ಟಿಕೊಂಡು ನೋಡಿ ಒಳಗೆ ಹೋದಳು. ಅರಿಶಿನ ಕುಂಕುಮ ತಂದು ನಲ್ಲಿಗಿಟ್ಟಳು, ಇರಲಿ ಅಂತ ಪಂಪಿಗೂ ಇಟ್ಟಳು. ಕೋಮಲಾ ನೀರು ತುಂಬಿ ಪಂಪ್ ಒತ್ತಿದಳು. ಹತ್ತು ನಿಮಿಷ ಮುಳ್ಳು ಅಲ್ಲಾಡಲಿಲ್ಲ. "ನಾನೇಳ್ನಿಲ್ವಾ?" ಅಂತ ನಾನು ಮೀಸೆ ಸವರುವಷ್ಟರಲ್ಲಿ ಜಾರತೊಡಗಿತು.

ಅವಳು ಮೂರು ಟೈಲ್ಸ್ ಒಡೆದಳು. ಗಾರೆಯ ಬಿಗಿಗೆ ಅಷ್ಟು ಹೊತ್ತು ನಿಂತಿದ್ದ ಆ ಎಲ್ಬೋ ಎರಡು ಬೆರಳಿಗೇ ಕಿತ್ತು ಬಂತು. ಒಳಗೆ ಸಲ್ಯೂಷನ್ ಸೋಕಿರಲೇ ಇಲ್ಲ. ಅದನ್ನು ಅಂಗೈಯಲ್ಲಿಟ್ಟುಕೊಂಡು ನಿಂತ ಅವಳ ಮುಖ ನೋಡಿ ನನಗೇ ಸಂಕಟವಾಯಿತು. ಹೊಸದನ್ನು ಅಂಟಿಸಿ, ಗೆರೆ ಎಳೆದು, ಸಂಜೆ ಮತ್ತೆ ಪಂಪ್ ಒತ್ತಿದಾಗ ಮುಳ್ಳು ಗಂಟೆ ಪೂರ್ತಿ ಇಳಿಯದೆ ನಿಂತಿತು. ಅದೇ ಬಣ್ಣದ ಟೈಲ್ಸ್ ಊರಲ್ಲಿ ಸಿಗದೆ ಬಿಳಿಯವನ್ನೇ ಹಾಕಿಸಬೇಕಾಯಿತು.

ಮಾರನೇ ದಿನ ಬಂದ ನೆಂಟರ ಕಣ್ಣೆಲ್ಲ ಆ ಮೂರು ಬಿಳಿ ಟೈಲ್ಸಿನ ಮೇಲೆ. ಯಾರೋ ಕೇಳಿಯೂ ಬಿಟ್ಟರು.

"ನಮ್ ಪ್ಲಂಬರ್ ತಪ್ ಮಾಡಿದ್ಲು. ತಾನೇ ಬಂದ್ ಯೋಳಿ ತಾನೇ ಒಡುದ್ಲು," ಅಂದಳು ಸುಬ್ಬಮ್ಮ. "ಚನ್ನರಾಯಪಟ್ಟಣದಲ್ಲಿ ನನ್ ಮಗಳು ಮನೆ ಕಟ್ಟಿಸ್ತಾವ್ಳೆ. ಅಲ್ಗೂ ಇವ್ಳೇ ಓಗೋದು."

ಆಮೇಲೆ ಪಂಕ್ತಿಯಲ್ಲಿದ್ದ ನನ್ನ ಕಡೆ ತಿರುಗಿದಳು. "ಚನ್ನಪ್ಪ, ಇವ್ಳು ಮೊದ್ಲು ನಿನ್ ಅಂಗ್ಡೀಗ್ ತಾನೆ ಬಂದಿದ್ದು? ನೀನೇನ್ ಯೋಳ್ದೆ?"

ನಾನು ಎಲೆಯ ಮೇಲಿದ್ದ ಇನ್ನೊಂದು ಒಬ್ಬಟ್ಟನ್ನು ಬಾಯಿಗೆ ತುರುಕಿಕೊಂಡೆ. ಬಾಗಿಲ ಬಳಿ ನಿಂತಿದ್ದ ಕೋಮಲಾ ನನ್ನನ್ನೇ ನೋಡಿದಳು.

"ಎಲ್ಬೋ ಕೊಟ್ರು ಕಣಮ್ಮ," ಅಂದಳು. ಅಷ್ಟೇ ಹೇಳಿ, ಆ ಬಿಳಿ ಟೈಲ್ಸಿನ ಮೇಲೆ ಕೈಯಿಟ್ಟು ತೇವ ಇದೆಯಾ ಅಂತ ಇನ್ನೊಂದು ಸಲ ನೋಡಲು ಬಚ್ಚಲಿಗೆ ಹೋದಳು.